ಪೂವಪ್ಪನ ಮೈಕು ಹೇಳದೆ ಬಿಟ್ಟದ್ದು

ಪೂವಪ್ಪನನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಓದುತ್ತ ಹೋದ ಹಾಗೆ, ಈ ಹೆಂಗಸು ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತನ್ನೂ ಬರೆದಿದ್ದಾಳಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಬರೆದಿದ್ದೇನೆ, ನಿಜ. ಇದ್ದದ್ದನ್ನು ಇಲ್ಲ ಎನ್ನಲಿಕ್ಕಾಗುವುದಿಲ್ಲವಲ್ಲ.

ನಾನು ಸೌದಾಮಿನಿ. ಗೋಳಿಪಾರೆ ಜಂಕ್ಷನಿನಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದೇನೆ. ಕಾಸರಗೋಡಿನ ಪೇಟೆಗೆ ಹೋಗುವ ಬಸ್ಸು ನನ್ನ ಅಂಗಡಿಯ ಎದುರೇ ನಿಲ್ಲುತ್ತದೆ, ಆದ್ದರಿಂದ ಊರಿನ ಸುದ್ದಿ ಮೊದಲು ನನಗೆ, ಆಮೇಲೆ ಉಳಿದವರಿಗೆ. ಪಂಚಾಯತ್ ಯಾವುದೆಂದು ಹೇಳುವುದಿಲ್ಲ. ಬೆಳ್ಳೂರಿನವರೂ ದೇಲಂಪಾಡಿಯವರೂ ತಮ್ಮದಲ್ಲ ಎಂದು ನೆಮ್ಮದಿಯಿಂದ ಓದಬಹುದು.

ಪೂವಪ್ಪನದು ಮೈಕಿನ ಕೆಲಸ. ಒಂದು ಹಳೆಯ ಜೀಪು, ಅದರ ತಲೆಯ ಮೇಲೆ ಎರಡು ಕಹಳೆ, ಒಳಗೆ ಬ್ಯಾಟರಿ, ಮುಂದಿನ ಸೀಟಿನಲ್ಲಿ ಅವನು. ಪೋಲಿಯೋ ಹನಿ ಹಾಕುವ ದಿನ ಯಾವುದು, ಕಬಡ್ಡಿ ಪಂದ್ಯ ಎಲ್ಲಿ, ಯಾವ ಪಕ್ಷದ ಜಾಥಾ ಎಷ್ಟು ಗಂಟೆಗೆ, ಇಂದು ಕರೆಂಟು ಉಂಟೋ ಇಲ್ಲವೋ, ಎಲ್ಲವನ್ನೂ ಗೋಳಿಪಾರೆ ಅವನ ಬಾಯಿಂದಲೇ ತಿಳಿದುಕೊಂಡದ್ದು. ಮನೆಮಾತು ತುಳು. ಏಳನೆಯವರೆಗೆ ಕನ್ನಡ ಶಾಲೆಗೆ ಹೋದ. ಆಮೇಲೆ ಪೇಟೆಯ ಒಂದು ಸೌಂಡ್ಸ್ ಅಂಗಡಿಯಲ್ಲಿ ವಯರು ಸುತ್ತುತ್ತ, ಪೆಟ್ಟಿಗೆ ಹೊರುತ್ತ ಮಲಯಾಳ ಕಲಿತ. ಮೂರು ಭಾಷೆಯಲ್ಲೂ ಅವನ ಸ್ವರ ಒಂದೇ, ತುಪ್ಪ ಸವರಿದ ಹಾಗೆ. ತಾಯಿ ಬೇಗ ತೀರಿಹೋದದ್ದರಿಂದ ಅವನನ್ನು ಸಾಕಿದ್ದು ಅಕ್ಕ ಅಮ್ಮಣಿ. ಅವಳು ದನ ಸಾಕಿ, ಸೊಸೈಟಿಗೆ ಹಾಲು ಹಾಕಿ ತಮ್ಮನನ್ನು ಬೆಳೆಸಿದಳು. ಮದುವೆಯಾದ ಮೇಲೆ ಗಂಡ ತೀರಿಕೊಂಡ, ಮತ್ತೆ ದನವೇ ಗತಿಯಾಯಿತು. ಮೊದಲ ಮೈಕ್‌ಸೆಟ್ಟಿಗೆ ದುಡ್ಡು ಕೊಟ್ಟದ್ದೂ ಅವಳೇ.

ಅವನ ವೃತ್ತಿಗೆ ಒಂದು ನೇಮ ಇತ್ತು. ಮೈಕಿನಲ್ಲಿ ಬೇಡದ್ದು ಹೇಳಬಾರದು. ಇದನ್ನು ಅವನಿಗೆ ಪೇಟೆಯ ಅಂಗಡಿಯ ಧಣಿ ಕಲಿಸಿದ್ದಂತೆ. ಕಬಡ್ಡಿ ಅಂಗಳದಲ್ಲಿ ಎರಡು ಊರಿನವರು ಕುರ್ಚಿ ಎತ್ತಿ ಬಡಿದಾಡುತ್ತಿರುವಾಗ, ಪ್ರೇಕ್ಷಕರ ಉತ್ಸಾಹ ಮೇರೆ ಮೀರಿದೆ, ದಯವಿಟ್ಟು ಸಹಕರಿಸಬೇಕು ಎಂದವನು ಅವನು. ಒಂದು ಮದುವೆಯಲ್ಲಿ ಅನ್ನ ಮುಗಿದುಹೋಗಿ ನೆಂಟರು ಎಲೆಯ ಮುಂದೆ ಕೂತು ಕೈ ಕೈ ಹಿಸುಕುತ್ತಿದ್ದರೆ, ಈ ಪಂಕ್ತಿಯವರಿಗೆ ವಧೂವರರೇ ಬಂದು ಬಡಿಸಲಿದ್ದಾರೆ ಎಂದು ಹಾಡು ಹಾಕಿದ. ಅಷ್ಟರಲ್ಲಿ ಇನ್ನೊಂದು ಹಂಡೆ ಅನ್ನ ಬೆಂದಿತು. ಊರಿಗೆ ಊರೇ ಅವನನ್ನು ಹೊಗಳಿತು, ನಾನೂ ಹೊಗಳಿದ್ದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು ಯಾರಿಗೆ ಬೇಡ?

ಇಂಥವನ ಕೈಗೆ ನಮ್ಮ ಪಂಚಾಯತ್ ತನ್ನ ಜಲನೀತಿಯನ್ನು ಕೊಟ್ಟಿತು.

ನಮ್ಮ ಪ್ರೆಸಿಡೆಂಟರು ಹರಿನಾರಾಯಣ ಎಂಬವರು ತಿರುವನಂತಪುರಕ್ಕೆ ಒಂದು ತರಬೇತಿಗೆ ಹೋಗಿ ಬಂದರು. ಹೋಗುವಾಗ ಸಾಧಾರಣ ಮನುಷ್ಯ, ಬರುವಾಗ ಬಾಯಿ ತುಂಬ ಮುಕ್ತ ಆಡಳಿತ. ಇನ್ನು ಮುಂದೆ ಯಾವ ನೀತಿಯನ್ನೂ ಬಾಗಿಲು ಮುಚ್ಚಿ ಮಾಡುವುದಿಲ್ಲ, ಕರಡನ್ನು ಮೊದಲು ಜನರ ಮುಂದಿಡುತ್ತೇವೆ, ಜನ ಹೇಳಿದ್ದನ್ನು ಸೇರಿಸಿಯೇ ಮುಗಿಸುತ್ತೇವೆ ಎಂದರು. ಮಾತು ಚೆನ್ನಾಗಿಯೇ ಇತ್ತು. ಕುಡಿಯುವ ನೀರಿಗೆ ಒಂದು ನೀತಿ ಬರೆಸಿದರು. ಅದನ್ನು ವೆಬ್‌ಸೈಟಿಗೆ ಹಾಕಿದರು, ನೋಟೀಸ್ ಬೋರ್ಡಿಗೆ ಅಂಟಿಸಿದರು, ವಾರ್ಡಿನ ವಾಟ್ಸಾಪ್ ಗುಂಪಿಗೂ ಕಳಿಸಿದರು. ಎಲ್ಲವೂ ಮಲಯಾಳದಲ್ಲಿ. ಅದೂ ಚಾ ಅಂಗಡಿಯಲ್ಲಿ ಆಡುವ ಮಲಯಾಳ ಅಲ್ಲ, ಸರಕಾರದ ಮಲಯಾಳ. ನಮ್ಮವರಿಗೆ ಮಲಯಾಳ ಬಾಯಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಈ ಸರಕಾರದ್ದಂತೂ ಕಿವಿಗೂ ಬರುವುದಿಲ್ಲ. ಕನ್ನಡದವರು ಇರುವಲ್ಲಿ ಕನ್ನಡದಲ್ಲೂ ಕೊಡಬೇಕೆಂದು ಆದೇಶ ಉಂಟಂತೆ. ಉಂಟಂತೆ ಎನ್ನುವುದು ಮಾತ್ರ ಉಂಟು.

ನವೆಂಬರಿನಲ್ಲಿ ಶಾಲೆಯ ಹಾಲ್‌ನಲ್ಲಿ ಗ್ರಾಮಸಭೆ ಕರೆದರು. ನಮ್ಮ ಕಡೆಯ ಗ್ರಾಮಸಭೆಯ ಕ್ರಮ ಹೊರಗಿನವರಿಗೆ ಗೊತ್ತಿರಲಾರದು. ಜನ ಬರುತ್ತಾರೆ, ಹಾಜರಿಗೆ ಸಹಿ ಹಾಕುತ್ತಾರೆ, ಚಾ ಮತ್ತು ಗೋಳಿಬಜೆ ಮುಗಿಸುತ್ತಾರೆ, ಮನೆ ರಿಪೇರಿಯ ಅರ್ಜಿ ಯಾವಾಗ ಎಂದು ಮೆಂಬರನ್ನು ಕೇಳಿ ಹೊರಡುತ್ತಾರೆ. ಸಹಿ ಬಿತ್ತು ಎಂದರೆ ಕೋರಂ ಆಯಿತು. ಕೂತುಕೊಳ್ಳುವವರು ಕಾಲುನೋವಿನವರು ಮತ್ತು ಬಸ್ಸು ತಪ್ಪಿದವರು. ಆ ದಿನ ಮಾತ್ರ ನೀರಿನ ವಿಷಯ ಎಂದು ಸ್ವಲ್ಪ ಜನ ಉಳಿದಿದ್ದೆವು.

ಸೆಕ್ರೆಟರಿ ಕೊಲ್ಲಂ ಕಡೆಯ ಒಬ್ಬರು ಮೇಡಂ, ಕನ್ನಡದ ಗಂಧ ಇಲ್ಲ. ಅವರು ಕರಡನ್ನು ಓದಿದರು. ನಮ್ಮ ವಾರ್ಡಿನ ಮೆಂಬರ್ ಉದಯಶಂಕರ ಕನ್ನಡದವನೇ, ಮಲಯಾಳ ಓದಲಿಕ್ಕೂ ಬರುತ್ತದೆ, ಆದರೆ ಅವನು ಕರಡನ್ನು ಓದಿ ಬಂದಿರಲಿಲ್ಲ. ಹೇಗೂ ಮೈಕಿನ ಹತ್ತಿರ ಪೂವಪ್ಪ ನಿಂತಿದ್ದ. ನೀನೇ ಹೇಳಿಬಿಡು ಮಾರಾಯ ಎಂದು ಮೆಂಬರು ಕುರ್ಚಿಯಲ್ಲಿ ಒರಗಿದ. ಬಾಡಿಗೆಗೆ ಬಂದ ಮೈಕಿನೊಟ್ಟಿಗೆ ಭಾಷಾಂತರವೂ ಪುಕ್ಕಟೆ ಸಿಕ್ಕಿದಂತಾಯಿತು.

ಪೂವಪ್ಪ ಹೇಳಿದ. ಪ್ರತಿ ಮನೆಗೂ ನಳ್ಳಿ ಬರುತ್ತದೆ, ನೀರನ್ನು ಪರೀಕ್ಷೆ ಮಾಡಿಯೇ ಬಿಡುತ್ತಾರೆ, ಇನ್ನು ತಾಯಂದಿರು ಕೊಡ ಹೊತ್ತು ನಡೆಯಬೇಕಾಗಿಲ್ಲ ಎಂದೆಲ್ಲ ಅವನ ತುಪ್ಪದ ಸ್ವರದಲ್ಲಿ ಬಂತು. ಒಪ್ಪಿಗೆ ಇದ್ದವರು ಕೈ ಎತ್ತಬೇಕು ಎಂದ. ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ನಾವು. ಎಲ್ಲರ ಕೈಯೂ ಮೇಲೆ ಹೋಯಿತು. ಮುಂದಿನ ಸಾಲಿನಲ್ಲಿದ್ದ ಅಮ್ಮಣಿಯಕ್ಕನ ಕೈ ಎಲ್ಲರಿಗಿಂತ ಮೇಲೆ, ಮೈಕಿನಲ್ಲಿ ಇದ್ದದ್ದು ತಮ್ಮನಲ್ಲವೋ. ಹಿಂದಿನಿಂದ ಒಬ್ಬರು ಫೋಟೋ ತೆಗೆದರು.

ಜನವರಿಯಲ್ಲಿ ಸುರಂಗಕ್ಕೆ ಬೀಗ ಬಿತ್ತು.

ಗೋಳಿಪಾರೆಯಲ್ಲಿ ಬಾವಿ ತೋಡಿದರೆ ಮುರಕಲ್ಲು, ಮತ್ತೆ ಮುರಕಲ್ಲು. ಅದಕ್ಕೇ ಹಿಂದಿನವರು ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಸುರಂಗ ಕೊರೆದರು. ಅದರ ಬಾಯಿಯಿಂದ ವರ್ಷವಿಡೀ ನೀರು ಜಿನುಗಿ ತೊಟ್ಟಿಗೆ ಬೀಳುತ್ತದೆ, ತೊಟ್ಟಿಯಿಂದ ಪೈಪಿನಲ್ಲಿ ತಾನಾಗಿಯೇ ಮನೆಗಳಿಗೆ ಇಳಿಯುತ್ತದೆ. ಪಂಪಿಲ್ಲ, ಕರೆಂಟಿಲ್ಲ. ನನ್ನ ಮನೆಗೂ ಅದರದೇ ನೀರು. ಆದರೆ ನನಗೆ ಅಡಿಗೆಗೆ, ಸ್ನಾನಕ್ಕೆ ಸಾಕು. ಅಮ್ಮಣಿಯಕ್ಕನಿಗೆ ಎರಡು ದನ. ಬೇಸಗೆಯಲ್ಲಿ ಒಂದು ಹಾಲು ಕೊಡುವ ದನ ಎಷ್ಟು ನೀರು ಕುಡಿಯುತ್ತದೆ ಎಂದು ದನ ಸಾಕಿದವರಿಗೆ ಹೇಳಬೇಕಾಗಿಲ್ಲ. ಸಾಕದವರಿಗೆ ಹೇಳಿದರೆ ನಂಬುವುದಿಲ್ಲ.

ಸುರಂಗದ ಬಾಯಿಗೆ ಕಬ್ಬಿಣದ ಜಾಲರಿ ಹಾಕಿ, ತೊಟ್ಟಿಯ ಪೈಪನ್ನು ಕಿತ್ತು, ಬೀಗ ಜಡಿದು ಪಂಚಾಯತಿನ ಗುತ್ತಿಗೆಯವರು ಹೋದರು. ನಳ್ಳಿ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಜನವರಿಯಲ್ಲಿ ದಿನವೂ ನೀರು, ಫೆಬ್ರವರಿಯಲ್ಲಿ ದಿನ ಬಿಟ್ಟು ದಿನ, ಮಾರ್ಚಿನಲ್ಲಿ ಅದಕ್ಕೆ ಮನಸ್ಸು ಬಂದಾಗ. ಅಮ್ಮಣಿಯಕ್ಕ ದನದ ಹಟ್ಟಿಗೂ ಒಂದು ಸಂಪರ್ಕ ಕೊಡಿ ಎಂದು ಕೇಳಿದ್ದಕ್ಕೆ, ಈ ನೀರು ಮನೆ ಬಳಕೆಗೆ ಮಾತ್ರ ಎಂದರಂತೆ.

ಅವಳನ್ನು ಕರೆದುಕೊಂಡು ನಾನೇ ಪಂಚಾಯತ್ ಆಫೀಸಿಗೆ ಹೋದೆ. ಸಿಟ್ಟು ಮೂಗಿನ ತುದಿಯಲ್ಲಿತ್ತು. ಸೆಕ್ರೆಟರಿ ಮೇಡಂ ಕೂತುಕೊಳ್ಳಿ ಎಂದರು, ಕರಡನ್ನು ತೆಗೆದು ಒಂದು ಸಾಲನ್ನು ಸರಳ ಮಲಯಾಳದಲ್ಲಿ ಬಿಡಿಸಿ ಹೇಳಿದರು. ಪಂಚಾಯತಿನ ಜಾಗದಲ್ಲಿರುವ ಸುರಂಗಗಳನ್ನೂ ತೆರೆದ ಬಾವಿಗಳನ್ನೂ ಸುರಕ್ಷತೆಗಾಗಿ ಮುಚ್ಚತಕ್ಕದ್ದು, ಅವುಗಳ ನೀರು ಬಳಸುವವರನ್ನು ನಳ್ಳಿಗೆ ಸೇರಿಸತಕ್ಕದ್ದು. ಇದನ್ನು ಸಭೆಯಲ್ಲಿ ನಾನು ಓದಿದ್ದೇನೆ, ನೀವೆಲ್ಲ ಒಪ್ಪಿದ್ದೀರಿ ಎಂದು ಕಂಪ್ಯೂಟರಿನಲ್ಲಿ ಫೋಟೋ ತೋರಿಸಿದರು. ಪಂಚಾಯತಿನ ವೆಬ್‌ಸೈಟಿನಲ್ಲಿ ಜನಪಂಗಾಳಿತ್ತ, ಅಂದರೆ ಜನರೂ ಪಾಲುಗೊಂಡದ್ದು, ಎಂಬ ತಲೆಬರಹದ ಕೆಳಗೆ ಅಮ್ಮಣಿಯಕ್ಕ ಕೈ ಎತ್ತಿಕೊಂಡು ನಗುತ್ತಿದ್ದಳು. ಅವಳು ಅದನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರಸಿಕೊಂಡು, ಹೋಗುವಾ ಸೌದಾಮಿನಿ, ಹಾಲು ಕರೆಯುವ ಹೊತ್ತಾಯಿತು ಎಂದಳು.

ಮೇಡಂ ಓದಿದ್ದು ನಿಜ. ಹಾಗಾದರೆ ಆ ಸಾಲು ಎಲ್ಲಿ ಹೋಯಿತು? ನಾನು ನೇರ ಪೂವಪ್ಪನ ಜೀಪಿನ ಎದುರು ಹೋಗಿ ನಿಂತೆ. ಅವನು ಕಹಳೆಯ ದೂಳು ಒರಸುತ್ತಿದ್ದ. ಸುರಂಗ ಮುಚ್ಚುತ್ತಾರೆ ಎಂದು ಆ ದಿನ ನಿನಗೆ ಗೊತ್ತಿತ್ತೋ ಎಂದು ಕೇಳಿದೆ. ಸುಳ್ಳು ಹೇಳುತ್ತಾನೆ ಎಂದುಕೊಂಡಿದ್ದೆ, ಹೇಳಲಿಲ್ಲ.

"ಗೊತ್ತಿತ್ತು ಸೌದಾಮಿನಿಯಕ್ಕ. ಹೇಳಿದ್ರೆ ಸಭೆಯಲ್ಲಿ ಗಲಾಟೆ ಆಗ್ತಿತ್ತು. ನಳ್ಳಿ ಬಂದ ಮೇಲೆ ಸುರಂಗ ಯಾರಿಗೆ ಬೇಕು ಅಂತ ಗ್ರಹಿಸಿದೆ."

"ನಿನ್ನ ಅಕ್ಕನ ದನಗಳನ್ನು ಗ್ರಹಿಸಿದ್ಯಾ?"

ಅವನು ಬಟ್ಟೆಯನ್ನು ಹಿಂಡಿದ, ಒದ್ದೆಯೇ ಇಲ್ಲದ ಬಟ್ಟೆಯನ್ನು. ಮೈಕಿನಲ್ಲಿ ಬೇಡದ್ದು ಹೇಳಬಾರದಲ್ಲ ಎಂದು ತನ್ನಷ್ಟಕ್ಕೆ ಅಂದ. ನನ್ನ ಕೈಯಲ್ಲಿ ಕತ್ತರಿ ಇರಲಿಲ್ಲ, ಅವನ ಪುಣ್ಯ. ದುಡ್ಡು ತಿಂದು ಮೋಸ ಮಾಡುವವನನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಯಾರೂ ಕೇಳದೆ, ಯಾರೂ ಕೊಡದೆ, ಬರೀ ಸಭೆ ಚಂದವಾಗಿ ಮುಗಿಯಲಿ ಎಂದು ಊರಿನ ನೀರನ್ನು ಮಾರಿದವನನ್ನು ಏನು ಮಾಡಬೇಕು?

ನಾನು ಮಾಡಬೇಕಾದ್ದನ್ನು ಮಾಡಿದೆ. ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ವಾರ ಕಳೆಯುವುದರೊಳಗೆ ಪೂವಪ್ಪನ ಜೀಪಿಗೆ ಕೆಲಸ ಇಲ್ಲದಾಯಿತು. ಯುವಕ ಮಂಡಲದವರು ಮೀಂಜದಿಂದ ಮೈಕು ತರಿಸಿದರು. ಚಾ ಅಂಗಡಿಯಲ್ಲಿ ಅವನು ಬಂದು ಕೂತರೆ ಪಕ್ಕದವರು ಎದ್ದುಹೋಗುತ್ತಿದ್ದರು. ಅಮ್ಮಣಿಯಕ್ಕ ಅವನೊಡನೆ ಮಾತು ಬಿಟ್ಟಳು. ಅವನು ಜೀಪಿನಲ್ಲಿ ಎಲ್ಲಿಂದಲೋ ಕ್ಯಾನಿನಲ್ಲಿ ನೀರು ತಂದು ಅಂಗಳದಲ್ಲಿ ಇಟ್ಟರೆ, ದನಗಳಿಗೆ ಕುಡಿಸುತ್ತಿದ್ದಳು, ಖಾಲಿ ಕ್ಯಾನನ್ನು ದಾರಿಗೆ ಎಸೆಯುತ್ತಿದ್ದಳು. ನನಗೆ ಅದರಿಂದ ಸಮಾಧಾನವೇ ಆಗುತ್ತಿತ್ತು, ಮುಚ್ಚಿಡುವುದಿಲ್ಲ.

ಆದರೆ ಕ್ಯಾನಿನ ನೀರಿನಲ್ಲಿ ಹಟ್ಟಿ ನಡೆಯುತ್ತದೆಯೇ? ಹಾಲು ಇಳಿಯಿತು. ದನಗಳ ಪಕ್ಕೆಲುಬು ಕಾಣಿಸಿತು. ಏಪ್ರಿಲಿನಲ್ಲಿ ಪುತ್ತೂರು ಕಡೆಯ ಒಬ್ಬರು ಬಂದು ಎರಡೂ ದನಗಳನ್ನು ನೋಡಿ, ಬೆಲೆ ಮಾತಾಡಿ ಹೋದರು. ಮರುವಾರ ಟೆಂಪೋ ಬಂತು. ಹೆರುವ ದಿನ ಹತ್ತಿರವಾಗಿದ್ದ ಕಂದು ದನ ಹತ್ತಲಿಕ್ಕೆ ಒಪ್ಪದೆ ಕಾಲು ಊರಿ ನಿಂತಿತು. ಅಮ್ಮಣಿಯಕ್ಕನೇ ಅದರ ಕಿವಿಯ ಹತ್ತಿರ ಏನೋ ಹೇಳಿ ಹತ್ತಿಸಿದಳು. ಅಂದು ನಾನು ಅಂಗಡಿ ತೆರೆಯಲಿಲ್ಲ.

ಅದೇ ತಿಂಗಳು ವಿಶೇಷ ಗ್ರಾಮಸಭೆಗೆ ಅರ್ಜಿ ಕೊಟ್ಟೆವು. ವಾರ್ಡಿನ ಹತ್ತರಲ್ಲೊಂದು ಪಾಲು ಮತದಾರರು ಬರೆದುಕೊಟ್ಟರೆ ಕರೆಯಲೇಬೇಕಂತೆ. ಸಹಿ ಹಾಕುವುದರಲ್ಲಿ ನಮ್ಮವರು ಎತ್ತಿದ ಕೈ, ಕಷ್ಟವಾಗಲಿಲ್ಲ. ಮೇ ತಿಂಗಳ ಸೆಕೆಯಲ್ಲಿ ಅದೇ ಶಾಲೆಯ ಹಾಲ್ ತುಂಬಿತು. ಪೂವಪ್ಪನೂ ಬಂದಿದ್ದ. ಮೈಕಿನ ಹತ್ತಿರ ಅಲ್ಲ, ಹಿಂದೆ ಬಾಗಿಲಿನ ಸಂದಿಯಲ್ಲಿ.

ಪ್ರೆಸಿಡೆಂಟರು ತಯಾರಾಗಿ ಬಂದಿದ್ದರು. ನಡೆದದ್ದಕ್ಕೆ ವಿಷಾದ ಎಂದರು. ಪಂಚಾಯತ್ ಎಲ್ಲವನ್ನೂ ತೆರೆದೇ ಇಟ್ಟಿತ್ತು, ವೆಬ್‌ಸೈಟಿನಲ್ಲಿತ್ತು, ಬೋರ್ಡಿನಲ್ಲಿತ್ತು, ಸಭೆಯಲ್ಲಿ ಪೂರ್ತಿ ಓದಿಯೂ ಆಗಿತ್ತು. ತಪ್ಪಿದ್ದು ಭಾಷಾಂತರ ಮಾಡಿದವನಿಂದ, ಅದು ಅವನ ವೈಯಕ್ತಿಕ ತಪ್ಪು. ಆದ್ದರಿಂದ ಪೂವಪ್ಪನ ನಡತೆಯನ್ನು ಖಂಡಿಸುವ ಒಂದು ನಿರ್ಣಯ ಮಾಡುವಾ, ನೀತಿ ಹೇಗೆ ಉಂಟೋ ಹಾಗೆಯೇ ಇರಲಿ ಎಂದರು. ಮೆಂಬರ್ ಉದಯಶಂಕರ ಎಲ್ಲರಿಗಿಂತ ಮೊದಲು ತಲೆಯಾಡಿಸಿದ. ಜನವೂ ಅಹುದಹುದು ಎಂದಿತು. ಕೆಲವರು ಹಿಂದೆ ತಿರುಗಿ ಪೂವಪ್ಪನಿಗೆ ಬೈದರು.

ನಾನು ಕೈ ಎತ್ತಲಿಕ್ಕೆ ಹೊರಟವಳು ಅರ್ಧಕ್ಕೇ ನಿಲ್ಲಿಸಿದೆ. ಸಿಟ್ಟು ಇಳಿದದ್ದಲ್ಲ. ನನ್ನ ಸಿಟ್ಟನ್ನು ಇವರು ಇಷ್ಟು ಸಲೀಸಾಗಿ ತಮ್ಮ ಕೆಲಸಕ್ಕೆ ಉಪಯೋಗಿಸಿಕೊಳ್ಳುತ್ತಿದ್ದಾರಲ್ಲ ಎಂದು ಇನ್ನೊಂದು ಸಿಟ್ಟು ಬಂತು. ಇಷ್ಟು ದಿನ ಅಂಗಡಿಯಲ್ಲಿ ಕೂತು ಪಂಚಾಯತಿಗಾಗಿ ಪ್ರಚಾರ ಮಾಡಿದವಳು ನಾನೇ ಎಂದಾಯಿತು.

ಅಷ್ಟರಲ್ಲಿ ಅಮ್ಮಣಿಯಕ್ಕ ಎದ್ದಳು. ಯಾವ ಸಭೆಯಲ್ಲೂ ಒಂದು ಮಾತಾಡಿದವಳಲ್ಲ. ಮೈಕು ಕೊಡಲಿಕ್ಕೆ ಬಂದವರಿಗೆ ಬೇಡ ಎಂದು ಕೈಯಾಡಿಸಿದಳು.

"ನನ್ನ ತಮ್ಮ ಮಾಡಿದ್ದು ದ್ರೋಹ. ಅದನ್ನು ನಾನು ಮನೆಯಲ್ಲಿ ನೋಡಿಕೊಳ್ತೇನೆ, ಅದಕ್ಕೆ ನಿಮ್ಮ ನಿರ್ಣಯ ಬೇಡ. ಅವನು ಮೈಕು ಬಾಡಿಗೆಗೆ ಕೊಡುವವ. ನಮ್ಮ ನೀರಿನ ವಿಷಯ ನಮಗೆ ತಿಳಿಸುವ ಕೆಲಸ ಅವನಿಗೆ ಕೊಟ್ಟದ್ದು ಯಾರು?"

ಪ್ರೆಸಿಡೆಂಟರು ಮೆಂಬರನ್ನು ನೋಡಿದರು, ಮೆಂಬರು ಫ್ಯಾನನ್ನು ನೋಡಿದ. ಏನು ಹೇಳಿದ್ದು ಎಂದು ಸೆಕ್ರೆಟರಿ ಮೇಡಂ ಮೆಲ್ಲಗೆ ಕೇಳಿದರು, ಹೇಳಲಿಕ್ಕೆ ವೇದಿಕೆಯಲ್ಲಿ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಬಾಗಿಲಿನ ಸಂದಿಯಿಂದ ಪೂವಪ್ಪನೇ ಮಲಯಾಳದಲ್ಲಿ ಹೇಳಿದ. ಮೈಕಿಲ್ಲದೆ ಅವನ ಸ್ವರವನ್ನು ನಾನು ಕೇಳಿದ್ದು ಕಡಿಮೆ. ಒಡಕಲು ಸ್ವರ. ದ್ರೋಹ ಎಂಬ ಮಾತನ್ನೂ ಬಿಡಲಿಲ್ಲ.

ಆಮೇಲೆ ಹೆಂಗಸರೆಲ್ಲ ಒಂದೇ ಹಟ ಹಿಡಿದೆವು. ನೀತಿಯನ್ನು ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲಿ ಹೇಳಬೇಕು, ಒಂದೊಂದು ಸಾಲಿಗೂ ಬೇಕು ಬೇಡ ಕೇಳಬೇಕು, ಅಲ್ಲಿಯವರೆಗೆ ಹಾಜರಿಗೆ ಯಾರೂ ಸಹಿ ಹಾಕುವುದಿಲ್ಲ. ಸಹಿ ಇಲ್ಲದಿದ್ದರೆ ಸಭೆ ಆದ ಲೆಕ್ಕಕ್ಕಿಲ್ಲ. ಉದಯಶಂಕರನನ್ನೇ ಎಬ್ಬಿಸಿ ಓದಿಸಿದೆವು. ಅವನು ತಡವರಿಸಿದಲ್ಲೆಲ್ಲ ಹಿಂದಿನಿಂದ ಪೂವಪ್ಪ ಸರಿಯಾದ ಅರ್ಥ ಹೇಳುತ್ತಿದ್ದ, ಜನ ಅವನ ಮುಖ ನೋಡದೆ ಕಿವಿ ಮಾತ್ರ ಕೊಡುತ್ತಿದ್ದರು. ಸುರಂಗದ ಸಾಲು ಬಂದಾಗ ಒಂದು ಕೈಯೂ ಏಳಲಿಲ್ಲ. ನೀರನ್ನು ಪರೀಕ್ಷೆ ಮಾಡಿಸುವ ಸಾಲು ಇರಲಿ ಎಂದೆವು, ಅದು ಒಳ್ಳೆಯದೇ. ಸುರಂಗದ ಬಾಯಿಗೆ ಜಾಲರಿ ಇರಲಿ, ಬೀಗ ಬೇಡ ಎಂದು ಬರೆಸಿದೆವು. ಗೋಳಿಬಜೆ ತಣಿದು ಚರ್ಮವಾಯಿತು, ಯಾರೂ ಎದ್ದುಹೋಗಲಿಲ್ಲ. ಇಷ್ಟೇ ಕೆಲಸ. ನವೆಂಬರಿನಲ್ಲಿ ಒಂದು ಮಧ್ಯಾಹ್ನ ಕೂತಿದ್ದರೆ ಮುಗಿಯುತ್ತಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವುದು ಇದಕ್ಕೇ.

ಈ ಸಭೆಯ ಫೋಟೋವನ್ನೂ ಪಂಚಾಯತ್ ವೆಬ್‌ಸೈಟಿಗೆ ಹಾಕಿದೆ. ತಲೆಬರಹ ಅದೇ. ನಾಚಿಕೆ ಎನ್ನುವುದು ಅಂಗಡಿಯಲ್ಲಿ ಸಿಗುವ ವಸ್ತುವಾಗಿದ್ದರೆ ನಾನೇ ಎರಡು ಮೀಟರು ಕತ್ತರಿಸಿ ಕಳಿಸುತ್ತಿದ್ದೆ.

ಜೂನಿನ ಮಳೆ ಹಿಡಿಯುವ ಮೊದಲು ಬೀಗ ತೆಗೆದರು. ಪೈಪನ್ನು ಮತ್ತೆ ಜೋಡಿಸಲಿಕ್ಕೆ ಪಂಚಾಯತಿನಿಂದ ಯಾರೂ ಬರಲಿಲ್ಲ. ಪೂವಪ್ಪ ಒಬ್ಬನೇ ಮಾಡಿದ. ತೊಟ್ಟಿಯ ಕೆಸರು ಬಳಿದು, ತುಂಡಾದಲ್ಲೆಲ್ಲ ಹೊಸ ಪೈಪು ಹಾಕಿ, ಒಂದೊಂದೇ ಮನೆಗೆ ನೀರು ಬಿಟ್ಟ. ನನ್ನ ಮನೆಗೂ ಬಿಟ್ಟ, ನಾನು ಚಾ ಕುಡಿ ಎನ್ನಲಿಲ್ಲ. ಕೊನೆಗೆ ಉಳಿದದ್ದು ಅಮ್ಮಣಿಯಕ್ಕನ ಹಟ್ಟಿ. ನಾನು ಅವಳ ಜಗಲಿಯಲ್ಲಿ ಕೂತು ರವಿಕೆಯ ಅಳತೆ ತೆಗೆಯುತ್ತಿದ್ದೆ. ಅವನು ಹಟ್ಟಿಯೊಳಗೆ ಹೋಗಿ ಪೈಪಿನ ತುದಿಯನ್ನು ಕಲ್ಲಿನ ಬಾನಿಗೆ ಇಟ್ಟ. ಮೊದಲು ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಬಾನಿ ತುಂಬುವವರೆಗೆ ನಿಂತಿದ್ದು, ಕೆಸರುಗೈಯಲ್ಲೇ ಅಂಗಳಕ್ಕೆ ಬಂದ.

"ಅಕ್ಕಾ, ನೀರು ಬಂತು," ಎಂದ.

ಅಮ್ಮಣಿಯಕ್ಕ ಅವನೊಡನೆ ಮಾತಾಡಿ ತಿಂಗಳುಗಳಾಗಿದ್ದವು. ನಾನು ಅಳತೆಯ ಟೇಪನ್ನು ಅವಳ ಭುಜದಿಂದ ತೆಗೆದೆ. ಅವಳು ಖಾಲಿ ಹಟ್ಟಿಯ ಕಡೆ ನೋಡಿ, ಬೈಗುಳವೂ ಅಳುವೂ ಇಲ್ಲದ ಸ್ವರದಲ್ಲಿ ಕೇಳಿದಳು:

"ಯಾರಿಗೆ ಕುಡಿಸ್ತಿ, ಪೂವ?"